ಸೂತಕದ ತೊಟ್ಟಿ

ಹೊಸ ಮೀನು ಬಂದರೆ ಮೊದಲು ಹಿಂದಿನ ಜಗಲಿಯ ಸಿಮೆಂಟ್ ತೊಟ್ಟಿಗೆ ಹೋಗಬೇಕು. ಮೂರು ವಾರ ಅಲ್ಲೇ ಇರಬೇಕು. ದೊಡ್ಡ ಟ್ಯಾಂಕು ಏನಿದ್ದರೂ ಆಮೇಲೆ. ತುಮಕೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗಕ್ಕೆ ನಾನು ಡೆಮಾನ್‌ಸ್ಟ್ರೇಟರ್, ಅಂದರೆ ಪ್ರದರ್ಶಕಿಯಾಗಿ ಸೇರಿದ ದಿನ, ನಿವೃತ್ತಿಗೆ ಎರಡು ತಿಂಗಳಿದ್ದ ಹಿರಿಯ ಪ್ರೊಫೆಸರರು ನನಗೆ ಬೀಗದ ಕೈ ಗೊಂಚಲು ಕೊಡುತ್ತ ಹೇಳಿದ ಮಾತು ಇದು. ವರಾಂಡದಲ್ಲಿದ್ದ ಆರಡಿ ಉದ್ದದ ಗಾಜಿನ ಟ್ಯಾಂಕನ್ನು ಕಟ್ಟಿಸಿದವರು ಅವರೇ. ಅದರಲ್ಲಿ ಮೊಟ್ಟೆಯಿಡುತ್ತಿದ್ದ ಒಂದು ಜೊತೆ ಏಂಜಲ್ ಮೀನು, ಕರಿ ಮೋಲಿಗಳು, ಗಪ್ಪಿಗಳು, ಕತ್ತಿಬಾಲದ ಮೀನುಗಳು, ಮತ್ತೆ ಒಂಟಿಕಣ್ಣಿನ ಒಂದು ಮುದಿ ಗೌರಾಮಿ ಇದ್ದವು. ಗೌರಾಮಿಗೆ ಎಂಟು ವರ್ಷ ವಯಸ್ಸು ಎಂದು ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುತ್ತಿದ್ದರು.

ತೊಟ್ಟಿಯ ಕೆಲಸ ನೋಡಲು ಸುಲಭ, ಮಾಡಲು ಬೇಸರ. ಅದಕ್ಕೆ ಬೇರೆ ಬಲೆ, ಬೇರೆ ಬಕೆಟ್ಟು. ಕೈ ಅದ್ದಿದರೆ ಪೊಟ್ಯಾಶಿಯಂ ಪರ್ಮಾಂಗನೇಟಿನ ನೀರಲ್ಲಿ ತೊಳೆಯಬೇಕು. ಹೊಸ ಮೀನಿನ ಜೊತೆಗೆ ನಮ್ಮ ಟ್ಯಾಂಕಿನ ಎರಡು ಗಪ್ಪಿಗಳನ್ನೂ ಅದೇ ತೊಟ್ಟಿಗೆ ಬಿಡಬೇಕು. ಹೊಸದು ಮೇಲೆ ಚೆನ್ನಾಗಿ ಕಂಡರೂ ಒಳಗೆ ರೋಗ ಹೊತ್ತಿದ್ದರೆ ಈ ಗಪ್ಪಿಗಳು ಮೊದಲು ಹೇಳುತ್ತವೆ. ಗುಬ್ಬಿ ಹತ್ತಿರದ ಕಡಬದಿಂದ ಬರುತ್ತಿದ್ದ ನಮ್ಮ ಅಟೆಂಡರ್ ಅದಕ್ಕೆ ಸೂತಕದ ತೊಟ್ಟಿ ಎಂದು ಹೆಸರಿಟ್ಟಿದ್ದ. "ಸೂತಕ್ದೋರು ದೂರ ಕುಂತ್ಕಳಲ್ವಾ ಅಮ್ಮಾವ್ರೆ, ಅಂಗೇಯಾ ಇದು" ಎನ್ನುತ್ತಿದ್ದ. ಅವನಿಗೆ ನಲವತ್ತೈದು ದಾಟಿತ್ತು. ಕಡಬದ ಕೆರೆಯ ಪಕ್ಕದಲ್ಲೇ ಬೆಳೆದವನು, ನೀರಿನ ಬಣ್ಣ ನೋಡಿಯೇ ಮೀನಿನ ಸುಖದುಃಖ ಹೇಳುತ್ತಿದ್ದ. ನಾನು ಗುಬ್ಬಿಯಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುವ ಹೊತ್ತಿಗೆ ಅವನು ಟ್ಯಾಂಕಿನ ಗಾಜು ಒರೆಸಿ ಮುಗಿಸಿರುತ್ತಿದ್ದ.

ಮೊದಲ ವರ್ಷ ನನಗೂ ಅನುಮಾನವಿತ್ತು. ಕೊಂಡು ತಂದ ಮೀನು ಚುರುಕಾಗಿ ಓಡಾಡುತ್ತಿರುವಾಗ ಮೂರು ವಾರದ ಸೆರೆ ಯಾಕೆ? ಒಂದು ಸಲ ತೊಟ್ಟಿಯಲ್ಲಿದ್ದ ಗಪ್ಪಿಯ ಬಾಲದ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಕಂಡಿತು. ಲೋಳೆ ಕೆರೆದು ಸ್ಲೈಡಿಗೆ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಮೈತುಂಬ ರೋಮವಿದ್ದ ದುಂಡನೆಯ ಜೀವಿ ನಿಧಾನವಾಗಿ ಉರುಳುತ್ತಿತ್ತು. ಅದರೊಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಬಿಳಿಚುಕ್ಕೆ ರೋಗ. ಈ ಜೀವಿ ಮೀನಿನ ಚರ್ಮದಡಿ ಉಂಡು ಬೆಳೆದು, ಕಳಚಿ ತಳಕ್ಕೆ ಬಿದ್ದು, ಒಂದು ನೂರಾರಾಗಿ ಒಡೆದು, ಮತ್ತೆ ಮೀನು ಹುಡುಕಿಕೊಂಡು ಈಜುತ್ತದೆ. ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ಅವತ್ತಿನಿಂದ ನಾನು ತೊಟ್ಟಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ.

ಪ್ರೊಫೆಸರರ ನಂತರ ಬಂದ ಹೊಸ ಮುಖ್ಯಸ್ಥರಿಗೆ ಆ ತೊಟ್ಟಿ ಮೊದಲಿನಿಂದಲೂ ಹಿಡಿಸಲಿಲ್ಲ. ಬಿಳಿ ಪ್ಯಾಂಟು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಾತು ನಯ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಚಳಿಗಾಲದಲ್ಲಿ ನಮ್ಮ ವಿಭಾಗಕ್ಕೆ ಡಿಗ್ರಿ ತರಗತಿ ಕೊಡಬೇಕೋ ಬೇಡವೋ ಎಂದು ನೋಡಲು ವಿಶ್ವವಿದ್ಯಾಲಯದ ತಂಡ ಬರುವುದಿತ್ತು. ಬುಧವಾರ ತಂಡ, ಸೋಮವಾರ ಮುಖ್ಯಸ್ಥರು ಬೆಂಗಳೂರಿನಿಂದ ನಾಲ್ಕು ಪ್ಲಾಸ್ಟಿಕ್ ಚೀಲ ಮೀನು ತರಿಸಿದರು. ಕೆಂಪು, ಹಳದಿ, ಪಟ್ಟೆಪಟ್ಟೆ; ನೋಡಲು ಬಲು ಚಂದ.

"ಇವನ್ನ ತೊಟ್ಟಿಗೆ ಬಿಡ್ತೀನಿ ಸಾರ್" ಎಂದೆ.

"ತೊಟ್ಟಿಗೆ ಬಿಟ್ರೆ ತಂಡದೋರು ಬಂದು ತೊಟ್ಟಿ ನೋಡ್ಬೇಕಾ? ಟ್ಯಾಂಕಿಗೆ ಬಿಡಿ."

"ಮೂರು ವಾರ ಇಡ್ದೆ ಬಿಡೋ ಹಾಗಿಲ್ಲ ಸಾರ್. ಏನಾದ್ರೂ ಇದ್ರೆ ಎಲ್ಲಾದಕ್ಕೂ ಹತ್ತುತ್ತೆ."

ಅವರು ನಕ್ಕರು. ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ ಕೇಳಿಸುವಂತೆ ಹೇಳಿದರು. "ಮೀನಿಗೂ ಮಡಿ ಮೈಲಿಗೆ ಶುರು ಮಾಡಿಬಿಟ್ರಾ ಮೇಡಂ? ಸೈನ್ಸ್ ಓದಿರೋರು ನೀವು. ನಾಚಿಕೆ ಆಗ್ಬೇಕು."

ಹುಡುಗರು ನಕ್ಕರು. ನಾನು ಚೀಲಗಳನ್ನು ಎತ್ತಿಕೊಂಡು ಹೋಗಿ ತೊಟ್ಟಿಗೇ ಬಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಕಪ್ಪೆ ಕೊಯ್ಯುವ ಪ್ರಾಕ್ಟಿಕಲ್ ಮುಗಿಸಿ ಬಂದಾಗ ತೊಟ್ಟಿ ಖಾಲಿಯಿತ್ತು. ಅಟೆಂಡರ್ ಕಂಬಕ್ಕೆ ಒರಗಿ ನಿಂತಿದ್ದ. "ನಾ ಬ್ಯಾಡ ಅಂದೆ ಅಮ್ಮಾವ್ರೆ. ಅವ್ರೇ ಬಲೆ ಹಾಕಿ ಹಿಡುದ್ರು" ಎಂದ.

ಬುಧವಾರ ತಂಡ ಬಂತು, ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು. ಶುಕ್ರವಾರ ಬೆಳಿಗ್ಗೆ ಏಂಜಲ್ ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ಶನಿವಾರ ಚುಕ್ಕೆ ಕಂಡವು. ಪ್ರಯೋಗಾಲಯದ ಮೆಥಿಲೀನ್ ಬ್ಲೂ ಬಾಟಲಿ ಹಿಡಿದು ಓಡಿದೆ. ಮುಖ್ಯಸ್ಥರು ತಡೆದರು. "ಸೋಮವಾರ ಮ್ಯಾನೇಜ್‌ಮೆಂಟಿನೋರು ಬರ್ತಾರೆ, ನೀರು ನೀಲಿ ಮಾಡ್ಬೇಡಿ" ಎಂದರು. ಎರಡು ದಿನ ಬರೀ ಕಲ್ಲುಪ್ಪು ಹಾಕಿ, ಬಲ್ಬು ಉರಿಸಿ ನೀರು ಬೆಚ್ಚಗೆ ಮಾಡಿ ನೋಡಿದೆ. ಸೋಮವಾರ ಸಂಜೆ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆಗಲೇ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ಚುಕ್ಕೆ ಕಿವಿರಿಗೆ ಇಳಿದ ಮೇಲೆ ಯಾವ ಬಣ್ಣವೂ ಉಳಿಸುವುದಿಲ್ಲ. ಗುರುವಾರದ ಹೊತ್ತಿಗೆ ಟ್ಯಾಂಕಿನಲ್ಲಿ ಉಸಿರಾಡುವ ಜೀವ ಒಂದೂ ಇರಲಿಲ್ಲ. ಒಂಟಿಕಣ್ಣಿನ ಗೌರಾಮಿಯೇ ಕೊನೆಯದು. ಅದನ್ನು ಅಟೆಂಡರ್ ಎರಡೂ ಕೈಯಲ್ಲಿ ಎತ್ತಿ ಹಿಂದಿನ ನುಗ್ಗೆ ಮರದ ಬುಡದಲ್ಲಿ ಹೂತ.

ಮುಂದಿನ ವಾರ ಮುಖ್ಯಸ್ಥರಿಂದ ನನಗೆ ಮೆಮೊ ಬಂತು. 'ಪ್ರದರ್ಶಕಿಯ ಅಜಾಗರೂಕತೆ ಹಾಗೂ ಮಿತಿಮೀರಿದ ಔಷಧ ಪ್ರಯೋಗದಿಂದ ಅಕ್ವೇರಿಯಂ ನಾಶವಾಗಿರುತ್ತದೆ.' ಸ್ಟಾಕ್ ರಿಜಿಸ್ಟರಿನಲ್ಲೂ ಅದೇ ಕಾರಣ, ಅದೇ ಕೈಬರಹ. ನಾನು ಉತ್ತರ ಬರೆದೆ; ಯಾರೂ ಓದಲಿಲ್ಲ. ಆ ವರ್ಷ ನನಗೆ ಸಿಗಬೇಕಿದ್ದ ಲೆಕ್ಚರರ್ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅದೇ ಆಡಳಿತ ಮಂಡಳಿ ಕುಣಿಗಲ್‌ನಲ್ಲಿ ನಡೆಸುತ್ತಿದ್ದ ಜೂನಿಯರ್ ಕಾಲೇಜಿಗೆ ನನ್ನನ್ನು ವರ್ಗ ಮಾಡಿದರು. ಬೀಳ್ಕೊಡುವಾಗ ಮುಖ್ಯಸ್ಥರು, "ಅಲ್ಲಿ ಟ್ಯಾಂಕಿಲ್ಲ, ನಿಮಗೂ ನೆಮ್ಮದಿ" ಎಂದರು. ನಯವಾಗಿಯೇ ಅಂದರು. ಆ ಮಾತನ್ನು ನಾನು ಒಂದು ದಿನವೂ ಮರೆಯಲಿಲ್ಲ.

ಕುಣಿಗಲ್‌ನಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಬಟ್ಟೆ ಒಗೆಯುವ ಕಲ್ಲು, ಬಾವಿ, ಪಕ್ಕದಲ್ಲಿ ಎರಡು ಹಳೆ ಸಿಮೆಂಟ್ ತೊಟ್ಟಿ. ಮೊದಲ ವರ್ಷ ಅವುಗಳಲ್ಲಿ ಬರೀ ಮಳೆನೀರು ನಿಂತಿತ್ತು. ಎರಡನೆಯ ವರ್ಷ ಕೈ ಸುಮ್ಮನಿರಲಿಲ್ಲ. ಗೌರಾಮಿ, ಮೋಲಿ, ಕತ್ತಿಬಾಲ ತಂದು ಮರಿ ಮಾಡಿಸತೊಡಗಿದೆ. ಸುತ್ತಲಿನ ಶಾಲೆಗಳವರು ಬಂದು ಕೇಳಿದರೆ ಕೊಡುತ್ತಿದ್ದೆ. ಗುಬ್ಬಿಯ ಹೈಸ್ಕೂಲಿಗೆ ಕೊಟ್ಟೆ, ಕೋರದ ಮೇಷ್ಟ್ರೊಬ್ಬರು ಗಾಜಿನ ಜಾಡಿಯಲ್ಲಿ ಒಯ್ದರು. ಕೊಡುವಾಗೆಲ್ಲ ಮೂರು ವಾರದ ಮಾತು ಹೇಳಿಯೇ ಕೊಡುತ್ತಿದ್ದೆ. ನನ್ನ ಬೆನ್ನ ಹಿಂದೆ ಜನ ಮೀನು ಮೇಡಂ ಎನ್ನುತ್ತಿದ್ದರಂತೆ.

ಹೀಗೆ ಐದು ವರ್ಷ ಹೋದವು. ಅಟೆಂಡರ್ ವರ್ಷಕ್ಕೊಮ್ಮೆಯಾದರೂ ಬಂದು ಮಾತಾಡಿಸಿ ಹೋಗುತ್ತಿದ್ದ. ಆ ಸಲ ಬಂದವನು ಕಾಫಿ ಲೋಟ ಕೆಳಗಿಡುವ ಮೊದಲೇ ಸುದ್ದಿ ಹೇಳಿದ. ಮುಖ್ಯಸ್ಥರು ಈಗ ಪ್ರಿನ್ಸಿಪಾಲರಾಗಿದ್ದಾರೆ. ಮುಂದಿನ ಹಾಲ್‌ನಲ್ಲಿ ಹತ್ತಡಿಯ ಹೊಸ ಟ್ಯಾಂಕು ಕಟ್ಟಿಸಿದ್ದಾರೆ. ಎರಡು ತಿಂಗಳಿಗೆ ಮಂಡಳಿ ಅಧ್ಯಕ್ಷರಿಂದ ಉದ್ಘಾಟನೆ. ಅರ್ಧ ಟ್ಯಾಂಕಿಗೆ ಈ ಐದು ವರ್ಷದಲ್ಲಿ ಕೂಡಿಸಿದ ಮೀನಿವೆ, ಇನ್ನರ್ಧಕ್ಕೆ ಮೀನು ತರುವ ಜವಾಬ್ದಾರಿ ಅಟೆಂಡರನದು.

"ಎಲ್ಲಿಂದಾರಾ ತತ್ತಾ ಅಂದವ್ರೆ. ನಾ ನಿಮ್ತಾವ್ಲೇ ತಗಂಡೋಯ್ತೀನಿ. ಈಗ್ಲೇ ಹೆಸ್ರು ಏಳಾಕಿಲ್ಲ. ಎಲ್ಲಾ ಮುಗ್ದು ಅಧ್ಯಕ್ಸರು ಸಭಾಸ್ ಅಂದ್ಮ್ಯಾಕೆ, ಇವು ನಮ್ ಅಮ್ಮಾವ್ರು ಸಾಕಿದ್ ಮೀನು ಅಂತೀನಿ. ಅವಾಗ ನಿಮ್ಮುನ್ನ ವಾಪಸ್ ಕರುಸ್ದೆ ಏನ್ ಮಾಡ್ತಾರೆ?"

ಎರಡು ತಿಂಗಳಿಗೆ ಕೊಡುತ್ತೇನೆ ಎಂದೆ. ಅವನು ಖುಷಿಯಿಂದ ಬಸ್ಸಿಗೆ ಹೋದ. ನನ್ನ ಮನಸ್ಸಿನಲ್ಲಿ ಆ ಹೊತ್ತು ಕೆಟ್ಟದ್ದೇನೂ ಇರಲಿಲ್ಲ. ಅದು ಹುಟ್ಟಿದ್ದು ಹತ್ತು ದಿನದ ಮೇಲೆ. ತುಮಕೂರಿನಿಂದ ತಂದ ಹೊಸ ಗಪ್ಪಿಗಳನ್ನು ಎರಡನೆಯ ತೊಟ್ಟಿಯಲ್ಲಿ ಬೇರೆ ಇಟ್ಟಿದ್ದೆ. ಅವುಗಳಲ್ಲೊಂದರ ರೆಕ್ಕೆಯ ಮೇಲೆ ಎರಡು ಬಿಳಿ ಚುಕ್ಕೆ.

ಔಷಧಿಯ ಬಾಟಲಿ ತೆಗೆದೆ. ಮುಚ್ಚಳ ತಿರುಗಿಸಿದೆ. ಹಾಗೇ ಕಲ್ಲಿನ ಮೇಲೆ ಕೂತೆ. ಹಾಲ್‌ನಲ್ಲಿ ಹತ್ತಡಿಯ ಟ್ಯಾಂಕು, ಹೂಮಾಲೆ, ಬಿಳಿ ಅಂಗಿ, ಹತ್ತಿರ ಬಂದು ಬಗ್ಗಿ ನೋಡುವ ಅಧ್ಯಕ್ಷರು, ಗಾಜಿಗೆ ಮೂತಿ ಹಚ್ಚಿ ಬಾಯಿ ತೆರೆಯುವ ಮೀನುಗಳು. ಎಲ್ಲಾ ಕಣ್ಣಿಗೆ ಕಟ್ಟಿತು. ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿದೆ.

ರೋಗವನ್ನು ಗುಣ ಮಾಡುವುದಕ್ಕಿಂತ ಬದುಕಿಸಿಡುವುದು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಮೀನು ಸತ್ತರೆ ಚುಕ್ಕೆಗೆ ಊಟವಿಲ್ಲ, ಮೀನು ಚೇತರಿಸಿಕೊಂಡರೆ ಅದಕ್ಕೆ ಮತ್ತೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಆದ್ದರಿಂದ ಐದಾರು ದಿನಕ್ಕೊಮ್ಮೆ ಮೊದಲ ತೊಟ್ಟಿಯಿಂದ ಎರಡು ಆರೋಗ್ಯವಂತ ಮೀನು ಹಿಡಿದು ಎರಡನೆಯದಕ್ಕೆ ಬಿಡಬೇಕು. ನಾನೇ ಮರಿ ಮಾಡಿಸಿದ ಮೀನುಗಳು. ಮೊದಲ ಜೊತೆ ಬಿಡುವಾಗ ಬಲೆಯನ್ನು ಎರಡು ಸಲ ವಾಪಸ್ ಎತ್ತಿದೆ. ಮೂರನೆಯ ಜೊತೆಯನ್ನು ಒಂದೇ ಸಲಕ್ಕೆ ಬಿಟ್ಟೆ. ಆಗ ಯಾವುದನ್ನು ಬಿಡಬೇಕು ಎಂದು ಆರಿಸತೊಡಗಿದ್ದೆ: ಸೊಟ್ಟ ಬೆನ್ನಿನದು, ಬಣ್ಣ ಕಡಿಮೆಯದು. ನೀರು ತಣ್ಣಗಾದರೆ ಚುಕ್ಕೆ ನಿಧಾನ, ಕಾದರೆ ಬೇಗ. ದಿನಾ ಕಾಲೇಜಿಗೆ ಹೋಗುವ ಮೊದಲು ಥರ್ಮಾಮೀಟರು ಅದ್ದಿ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ತೊಟ್ಟಿಗೆ ತೆಂಗಿನ ಗರಿ ಮುಚ್ಚುತ್ತಿದ್ದೆ. ಒಂದು ತೊಟ್ಟಿಯ ಬಲೆ ಇನ್ನೊಂದಕ್ಕೆ ತಾಗದಂತೆ ಗೋಡೆಯ ಎರಡು ತುದಿಗೆ ಎರಡು ಮೊಳೆ ಹೊಡೆದೆ. ಪ್ರೊಫೆಸರರು ಕಲಿಸಿದ ಒಂದೊಂದು ನಿಯಮವನ್ನೂ ತಲೆಕೆಳಗು ಮಾಡಿ ಪಾಲಿಸುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಊಟ ರುಚಿಸುತ್ತಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಐದು ವರ್ಷ ಎದೆಯಲ್ಲಿ ಕೂತಿದ್ದ ಕಲ್ಲು ಕೊನೆಗೂ ಕೈಗೆ ಬಂದಂತಿತ್ತು.

ನಡುವೆ ಒಮ್ಮೆ ಎಲ್ಲ ಕೈತಪ್ಪಿತು ಎಂದುಕೊಂಡೆ. ಮೂರು ದಿನ ಜ್ವರ ಬಂದು ಮಲಗಿದ್ದೆ. ಎದ್ದು ನೋಡಿದರೆ ಎರಡನೆಯ ತೊಟ್ಟಿಯಲ್ಲಿ ಎಲ್ಲವೂ ಸತ್ತಿದ್ದವು. ತಕ್ಷಣ ನಾಲ್ಕು ಮೋಲಿ ಬಿಟ್ಟೆ. ಐದು ದಿನ ಅವುಗಳ ಮೈ ಸ್ವಚ್ಛವಾಗಿತ್ತು. ಆರನೆಯ ದಿನ ಒಂದರ ಬಾಲದಲ್ಲಿ ಚುಕ್ಕೆ ಕಂಡಾಗ ನಾನು ಗಟ್ಟಿಯಾಗಿ ನಕ್ಕೆ. ಬಾವಿಯಲ್ಲಿ ನೀರು ಸೇದುತ್ತಿದ್ದ ಮನೆಯ ಯಜಮಾನಿ, "ಏನಮ್ಮ, ಒಬ್ಳೇ ನಗ್ತೀಯಾ?" ಎಂದು ಕೇಳಿದರು.

ಚುಕ್ಕೆಯಿದ್ದ ಮೀನನ್ನು ಕೊಟ್ಟರೆ ಅಟೆಂಡರನ ಕಣ್ಣಿಗೆ ಬೀಳುತ್ತದೆ. ಅದಕ್ಕೂ ದಾರಿಯಿತ್ತು. ಚುಕ್ಕೆ ಹತ್ತಿದ ಮೊದಲೆರಡು ದಿನ ಮೀನಿನ ಮೈಮೇಲೆ ಏನೂ ಕಾಣುವುದಿಲ್ಲ. ಅವನು ಬರುವ ಹಿಂದಿನ ದಿನ ಬೆಳಿಗ್ಗೆ ಮೊದಲ ತೊಟ್ಟಿಯ ಅತಿ ಚಂದದ ನಲವತ್ತು ಮೀನು ಆರಿಸಿ ಎರಡನೆಯದಕ್ಕೆ ಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ಆ ನಲವತ್ತನ್ನಷ್ಟೇ ಬಕೆಟ್ಟಿಗೆ ಹಿಡಿದಿಟ್ಟೆ; ಅವನು ಎರಡು ದೊಡ್ಡ ಕ್ಯಾನು ಹಿಡಿದು ಬಂದ. ಮೀನುಗಳನ್ನು ನೋಡಿ ಅವನ ಮುಖ ಅರಳಿತು.

"ಏನ್ ಕಳೆ ಅಮ್ಮಾವ್ರೆ ಇವಕ್ಕೆ! ಮದುವಣಗಿತ್ತಿ ಇದ್ದಂಗವೆ."

"ನೋಡಪ್ಪ, ಮೂರು ವಾರ ದೂರ ಇಟ್ಟು ಆಮೇಲೆ ಬಿಡ್ಬೇಕು ಅಂತ ಅವರಿಗೆ ಹೇಳು. ನಾನು ಹೇಳಿದೆ ಅನ್ಬೇಡ, ನೀನೇ ಹೇಳು. ಖಂಡಿತ ಹೇಳು" ಎಂದೆ.

ಅದು ನನ್ನ ಜಾಣತನ. ಅವರು ಈ ಮಾತು ಕೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ರೋಗ ತೊಟ್ಟಿಯಲ್ಲೇ ಸಿಕ್ಕಿಬೀಳುತ್ತದೆ. ಕೇಳದಿದ್ದರೆ ತಪ್ಪು ಅವರದೇ. ಉದ್ಘಾಟನೆಗೆ ಮೂರು ದಿನವಿದೆ, ಅವರು ಕೇಳುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಟೆಂಡರ್ ಬಸ್ಸಿನಲ್ಲಿ ಒಂದು ಕ್ಯಾನನ್ನು ತೊಡೆಯ ಮೇಲೆ, ಇನ್ನೊಂದನ್ನು ಕಾಲ ನಡುವೆ ಇಟ್ಟುಕೊಂಡು ಕೂತ. ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ.

ಆಮೇಲಿನ ದಿನಗಳನ್ನು ನಾನು ಬೆರಳು ಮಡಚಿ ಎಣಿಸಿದೆ. ಇವತ್ತು ಮೈ ಉಜ್ಜುತ್ತಿರಬೇಕು. ಇವತ್ತು ಚುಕ್ಕೆ. ಇವತ್ತು ಮೇಲಕ್ಕೆ ಬಂದು ಬಾಯಿ ಬಿಡುತ್ತಿರಬೇಕು. ಪಾಠ ಮಾಡುತ್ತಿರುವಾಗಲೂ ಮನಸ್ಸು ಆ ಹಾಲ್‌ನಲ್ಲಿರುತ್ತಿತ್ತು. ಒಂದು ಸಂಜೆ ಎರಡನೆಯ ತೊಟ್ಟಿಯ ನೀರು ಚೆಲ್ಲಿ ಸುಣ್ಣ ಬಳಿದು ಬಿಸಿಲಿಗೆ ಒಣಗಲು ಬಿಟ್ಟೆ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಟೆಂಡರ್ ಬಂದ. ಗಡ್ಡ ಬೆಳೆದಿತ್ತು. ಒಳಗೆ ಬರಲಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಮಡಚಿದ ಕಾಗದವೊಂದನ್ನು ನನ್ನ ಕೈಗಿಟ್ಟ.

"ಸಸ್ಪೆಂಡ್ ಮಾಡವ್ರೆ ಅಮ್ಮಾವ್ರೆ. ಏಳ್ ದಿನದಾಗೆ ಉತ್ರ ಕೊಡ್ಬೇಕಂತೆ. ನಂಗೆ ಇದೆಲ್ಲಾ ಬರ್ಯಾಕ್ ಬರಾಕಿಲ್ಲ. ನೀವೊಸಿ ಬರ್ಕೊಡಿ."

ಟೈಪ್ ಮಾಡಿದ ಮೆಮೊ. 'ಸಿಬ್ಬಂದಿಯ ಅಜಾಗರೂಕತೆಯಿಂದ ಅಕ್ವೇರಿಯಂ ನಾಶವಾಗಿರುತ್ತದೆ.' ನನಗೆ ಬರೆದಿದ್ದ ಅದೇ ಮಾತು, ಹೆಸರೊಂದು ಬೇರೆ.

"ಏನಾಯ್ತು?" ಎಂದೆ. ಏನಾಯಿತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು!

"ಉದ್ಘಾಟ್ನೆ ಚೆನ್ನಾಗೇ ಆಯ್ತು. ಅಧ್ಯಕ್ಸರು ಮೊಮ್ಮಕ್ಳನ್ನ ಕರ್ಕಂಬಂದು ತೋರುಸ್ತೀನಿ ಅಂದ್ರು. ಕರ್ಕಂಬರೋ ದಿನುಕ್ಕೆ ಎಲ್ಲಾ ಹೊಟ್ಟೆ ಮ್ಯಾಲ್ ಮಾಡ್ಕಂಡ್ ತೇಲ್ತಾ ಇದ್ವು. ಮಕ್ಳು ಅತ್ವು. ಅಧ್ಯಕ್ಸರು ಎಲ್ರ ಮುಂದೆ ಪಿನ್ಸಿಪಾಲ್ರುನ್ನ ಉಗುದ್ರು. ಅವ್ರು ನನ್ ಕಡೀಕ್ ಕೈ ತೋರ್ಸುದ್ರು."

"ಮೂರು ವಾರದ ಮಾತು ಹೇಳಿದ್ಯಾ?"

"ಏಳ್ದೆ. 'ನೀನೂ ಆವಮ್ಮನ್ ತರ ಮಡಿ ಮಾಡ್ತೀಯೇನ್ಲಾ' ಅಂತ ಬೈದ್ರು."

"ಮೀನು ಎಲ್ಲಿಂದ ತಂದೆ ಅಂತ ಕೇಳ್ಲಿಲ್ವಾ?"

"ಕೇಳುದ್ರು. ಕಡಬದ್ ಕೆರೇಲಿ ಬಲೆ ಹಾಕೋರು ಸಾಕಿದ್ರು, ಅವ್ರತ್ರ ತಂದೆ ಅಂದೆ. ಕೆರೆ ಕೊಳಕ್ ಮೀನ್ ತಂದು ಹಾಕ್ದೆ ಅಂತ ಅದ್ಕೂ ಬೈದ್ರು. ಬಯ್ಲಿ ಬುಡಿ. ನಿಮ್ ಹೆಸ್ರು ಮಾತ್ರ ಇದ್ರಾಗೆ ಬರ್ಬಾರ್ದು. ಒಂದ್ಸಲ ಆಗಿರೋದೇ ಸಾಕು ನಿಮ್ಗೆ."

ಪೆನ್ನು ತಂದು ಅವನ ಎದುರಿಗೆ ಕೂತೆ. 'ಮಾನ್ಯರೇ' ಎಂದು ಬರೆದೆ. ಅದರ ಮುಂದೆ ಒಂದಕ್ಷರವೂ ಬರಲಿಲ್ಲ. ಇವನ ಪರವಾಗಿ ನಾನು ಏನು ಬರೆಯಲಿ? ಮೀನುಗಳು ಆರೋಗ್ಯವಾಗಿದ್ದವು ಎಂದೇ? ನನ್ನ ಸಿಟ್ಟು ಒಬ್ಬ ಮನುಷ್ಯನ ಮೇಲಿತ್ತು. ಅದು ಅವನನ್ನು ಮುಟ್ಟಿ, ಜಾರಿ, ಈ ಕಲ್ಲಿನ ಮೇಲೆ ಕೂತಿದ್ದವನ ತಲೆಗೆ ಬಿದ್ದಿತ್ತು. ಟ್ಯಾಂಕಿನಲ್ಲಿ ಯಾವುದು ಮೊದಲು ಸಾಯುತ್ತದೆ, ಯಾವುದು ಆಮೇಲೆ ಎಂದೆಲ್ಲ ಲೆಕ್ಕ ಹಾಕಿದ್ದ ನಾನು, ಕಾಲೇಜಿನಲ್ಲಿ ತಪ್ಪು ಯಾವಾಗಲೂ ಕೆಳಕ್ಕೆ ಹರಿಯುತ್ತದೆ ಎಂಬುದನ್ನು ಮರೆತಿದ್ದೆ. ನನಗೇ ಆದದ್ದನ್ನು ಮರೆತಿದ್ದೆ.

"ನೀನು ಉತ್ತರ ಕೊಡ್ಬೇಡ. ಕಾಗದ ನನ್ನ ಹತ್ರ ಇರ್ಲಿ. ನಾಳೆ ಹನ್ನೊಂದು ಗಂಟೆಗೆ ಕಾಲೇಜಿಗೆ ಬಾ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿ ಹೋದ.

ಅವನು ಹೋದ ಮೇಲೆ ನನ್ನದೇ ಹೆಸರಿನಲ್ಲಿ ಕಾಗದ ಬರೆದೆ. ಎರಡು ಪ್ರತಿ. ಮೀನು ಕೊಟ್ಟದ್ದು ನಾನು. ಅವಕ್ಕೆ ಬಿಳಿಚುಕ್ಕೆ ರೋಗ ಹತ್ತಿತ್ತೆಂದು ತಿಳಿದೇ ಕೊಟ್ಟೆ. ಮೂರು ವಾರ ಪ್ರತ್ಯೇಕವಾಗಿಟ್ಟಿದ್ದರೆ ಹಳೆಯ ಮೀನು ಒಂದೂ ಸಾಯುತ್ತಿರಲಿಲ್ಲ. ಈ ಸಲವೂ, ಹಿಂದಿನ ಸಲವೂ. ಬರೆದು ಓದಿದೆ. ನನ್ನ ಕೆಲಸ ಹೋಗಬಹುದು ಎಂದು ಕಂಡಿತು. ಅದಕ್ಕಿಂತ ಸ್ಪಷ್ಟವಾಗಿ ಇನ್ನೊಂದು ಕಂಡಿತು. ನನ್ನ ಮೇಲೆ ಕ್ರಮ ಕೈಗೊಳ್ಳಬೇಕಾದರೆ ಆ ಮನುಷ್ಯ ಒಂದು ವಾಕ್ಯ ಬರೆಯಲೇಬೇಕು: ರೋಗ ಹೊಸ ಮೀನಿನಿಂದ ಬಂತು. ಅದನ್ನು ಬರೆದ ಕ್ಷಣ, ಎರಡು ಸಲವೂ ಹೊಸ ಮೀನನ್ನು ಸೀದಾ ಟ್ಯಾಂಕಿಗೆ ಸೇರಿಸಿದ್ದು ಅವರೇ ಎಂದಾಗಿ, ಐದು ವರ್ಷದ ಹಿಂದಿನ ಮೆಮೊ ಸುಳ್ಳಾಗುತ್ತದೆ.

ಸೋಮವಾರ ರಜೆ ಹಾಕಿ ತುಮಕೂರಿಗೆ ಹೋದೆ. ಹಾಲ್‌ನಲ್ಲಿ ಟ್ಯಾಂಕು ಖಾಲಿ ನಿಂತಿತ್ತು. ಪ್ರಿನ್ಸಿಪಾಲರು ಕಾಗದವನ್ನು ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಹಾಕಿದರು.

"ನಿಮಗೇನು ತಲೆ ಕೆಟ್ಟಿದೆಯಾ ಮೇಡಂ? ಇದನ್ನ ಮಂಡಳಿಗೆ ಕಳಿಸಿದ್ರೆ ನಿಮ್ಮ ಗತಿ ಏನು ಗೊತ್ತಾ?"

"ಗೊತ್ತು ಸಾರ್. ಕಳಿಸಿ. ಕಳಿಸೋವಾಗ ಕಾರಣ ಬರೀಬೇಕಲ್ಲ. ಏನಂತ ಬರೀತೀರಿ?"

ಅವರು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು.

"ಹೊಸ ಮೀನಿಂದ ರೋಗ ಬಂತು ಅಂತ ಬರೀತೀರಾ? ಹಾಗಾದ್ರೆ ಅವತ್ತು ನೀವು ಬರೆದಿದ್ದು ಸುಳ್ಳು. ಔಷಧಿ ಜಾಸ್ತಿ ಆಗಿ ಸತ್ವು ಅಂತ ಬರೀತೀರಾ? ಈ ಸಲ ಯಾರೂ ಔಷಧಿನೇ ಹಾಕಿಲ್ಲ. ಇನ್ನೊಂದು ಪ್ರತಿ ನನ್ನ ಚೀಲದಲ್ಲಿದೆ. ನೀವು ಕಳಿಸದಿದ್ರೆ ನಾನೇ ಅಧ್ಯಕ್ಷರಿಗೆ ಕೊಡ್ತೀನಿ. ಸದಾಶಿವನಗರದಲ್ಲಿ ಅವರ ಮನೆ ನನಗೆ ಗೊತ್ತು."

ಅವರ ಬಿಳಿ ಅಂಗಿಯ ಕತ್ತುಪಟ್ಟಿ ಒದ್ದೆಯಾಗಿತ್ತು. ಇದನ್ನು ನೋಡಲೆಂದೇ ನಾನು ಐದು ವರ್ಷ ಕಾದಿದ್ದೆ. ಕಣ್ಣು ತೆಗೆಯದೆ ನೋಡಿದೆ.

"ಏನು ಬೇಕು ನಿಮಗೆ?" ಎಂದರು ಕೊನೆಗೆ.

"ಎರಡು ಕೆಲಸ. ಅಟೆಂಡರ್ ಮೇಲಿನ ಮೆಮೊ ಈಗಲೇ ವಾಪಸ್ ಆಗ್ಬೇಕು. ಮತ್ತೆ ವಿಭಾಗದ ಸ್ಟಾಕ್ ರಿಜಿಸ್ಟರ್ ತರಿಸಿ."

ಗುಮಾಸ್ತರನ್ನು ಕರೆಸಿ ಮೆಮೊ ರದ್ದು ಮಾಡಿಸಿದರು; ಹಳೆಯ ರಿಜಿಸ್ಟರ್ ಬಂತು. ನಾನೇ ಪುಟ ತೆಗೆದುಕೊಟ್ಟೆ. ಹಳೆಯ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಾನು ಹೇಳಿದಂತೆ ಬರೆದರು. 'ಹೊಸ ಮೀನುಗಳನ್ನು ಪ್ರತ್ಯೇಕವಾಗಿಡದೆ ಸೇರಿಸಿದ್ದರಿಂದ ರೋಗ ಹರಡಿ ಎಲ್ಲವೂ ಸತ್ತಿರುತ್ತವೆ. ಪ್ರದರ್ಶಕಿಯ ತಪ್ಪಿಲ್ಲ.' ಕೆಳಗೆ ಸಹಿ. ಪೆನ್ನಿನ ಶಾಯಿ ಒಣಗುವವರೆಗೆ ನಿಂತಿದ್ದು, ಮೇಜಿನ ಮೇಲಿದ್ದ ನನ್ನ ಕಾಗದವನ್ನು ವಾಪಸ್ ತೆಗೆದುಕೊಂಡೆ. ಬಾಗಿಲಿನ ಹತ್ತಿರ ಹೋದಾಗ ಅವರು, "ನಾಲ್ಕು ಮೀನಿಗೋಸ್ಕರ ಇಷ್ಟೊಂದು ಹಗೆನಾ?" ಎಂದರು. "ನೂರು ಮೀನು ಸಾರ್. ಎರಡೂ ಸಲ ಸೇರಿ ಇನ್ನೂ ಹೆಚ್ಚು" ಎಂದೆ. ಆ ಸಾಲು ಬರೆಸಿಕೊಂಡದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ.

ಅಟೆಂಡರ್ ವರಾಂಡದಲ್ಲಿ ನಿಂತಿದ್ದ. ಗುಮಾಸ್ತರು ಆಗಲೇ ಅವನಿಗೆ, ಡ್ಯೂಟಿಗೆ ಸೇರಿಕೋ ಎಂದಿದ್ದರು. ಅವನ ಕಣ್ಣು ತುಂಬಿತ್ತು. ನನ್ನನ್ನು ಕಂಡು ಕೈ ಮುಗಿಯಲು ಬಂದ. ನಾನು ತಡೆದೆ. ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಎರಡನೆಯ ತೊಟ್ಟಿ, ಐದು ದಿನಕ್ಕೆ ಎರಡು ಮೀನು, ಕೊನೆಯ ದಿನದ ನಲವತ್ತು. ಒಂದನ್ನೂ ಬಿಡಲಿಲ್ಲ.

ಅವನು ಜಗಲಿಯ ತೊಟ್ಟಿಯ ಅಂಚಿಗೆ ಕೈಯೂರಿದ.

"ನಾ ತೊಡೆ ಮ್ಯಾಲಿಟ್ಕಂಡು, ನೀರು ತುಳುಕ್ದಂಗೆ ತಂದ್ನಲ್ಲ ಅಮ್ಮಾವ್ರೆ. ಮದುವಣಗಿತ್ತಿ ಇದ್ದಂಗವೆ ಅಂದ್ನಲ್ಲ. ಅವಾಗ್ಲೂ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆವಯ್ಯನ ಮ್ಯಾಲೆ ನಂಗೂ ಸಿಟ್ಟಿತ್ತು ಅಮ್ಮಾವ್ರೆ. ಗೌರಾಮಿ ಮಣ್ ಮಾಡಿದೋನು ನಾನು. ನಂಗೊಂದ್ ಮಾತು ಏಳಿದ್ರೆ ಆಗ್ತಿತ್ತು. ಅವು ಎಂಥಾ ಮೀನು ಅಂತ ಗೊತ್ತಿದ್ದೇ ತರ್ತಿದ್ದೆ. ನಾನೇ ನನ್ ಕೈಯಾರೆ ಬುಡ್ತಿದ್ದೆ."

ಅವನು ಗೋಡೆಗೆ ಒರಗಿಸಿದ್ದ ಬಕೆಟ್ಟು, ಬ್ರಷ್ಷು ತೆಗೆದುಕೊಂಡು, ಖಾಲಿ ಟ್ಯಾಂಕಿನ ಗಾಜು ತೊಳೆಯಲು ಒಳಗೆ ಹೋದ.